ವಾಣಿಶ್ರೀಗೆ ನಾವು ಹೊದಿಸಿದ ಶಾಲು

ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಗಡಿಯಾರ ಕೆಟ್ಟವರು ರಿಪೇರಿ ಅಂಗಡಿಗೆ ಹೋಗುತ್ತಿರಲಿಲ್ಲ. ಸಂಜೆ ಮುಖ್ಯರಸ್ತೆಯ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದರು. ಅಲ್ಲಿ ಕೊಟ್ಟೂರೇಶ್ ಬಿಳಿ ಸ್ಕೂಟರಿನ ಮೇಲೆ ಒಂದು ಕಾಲು ನೆಲಕ್ಕೂರಿ ಕುಳಿತಿದ್ದರೆ ಗಂಟೆ ಆರೂ ಹತ್ತು. ಸೂರ್ಯ ಒಂದೊಂದು ದಿನ ಮೋಡದ ನೆಪ ಹೇಳಿ ರಜೆ ಹಾಕಿದ್ದುಂಟು, ಕೊಟ್ಟೂರೇಶ್ ಹಾಕಿದ್ದಿಲ್ಲ. ಎರಡು ವರ್ಷ ಒಂದೇ ಜಾಗದಲ್ಲಿ ಊರಿದ ಅವನ ಎಡಗಾಲಿನ ಭಾರಕ್ಕೆ ಡಾಂಬರು ತಗ್ಗುಬಿದ್ದು, ಮಳೆಗಾಲದಲ್ಲಿ ಅದರೊಳಗೆ ಎಮ್ಮೆಗಳು ಈಜುತ್ತಿದ್ದವು ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ಎಮ್ಮೆ ಅಲ್ಲದಿದ್ದರೂ ಒಂದು ಕಪ್ಪೆ ಈಜಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವನು ಕಾಯುತ್ತಿದ್ದದ್ದು ಹೆಂಡತಿ ವಾಣಿಶ್ರೀಯನ್ನು. ಆಕೆ ಹರಿಹರದಲ್ಲಿ ನಬೀ ಸಾಬರ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಒಂಬತ್ತಕ್ಕೆ ಇವನೇ ಬಸ್ಸು ಹತ್ತಿಸುವುದು, ಸಂಜೆ ಇವನೇ ಇಳಿಸಿಕೊಳ್ಳುವುದು. ಬಸ್ಸು ನಿಂತ ಕೂಡಲೇ ಬಾಗಿಲ ಬಳಿ ಹೋಗಿ ಕೈ ಚಾಚುತ್ತಿದ್ದ. ಆಕೆ ಇಳಿದು, ಮುಷ್ಟಿ ಬಿಚ್ಚಿ, ಟಿಕೆಟ್ಟನ್ನು ಅವನ ಅಂಗೈಗೆ ಹಾಕುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಂಡಕ್ಟರ್ ಮಿಷನ್ನಿನಿಂದ ಹರಿದುಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟು ಅದು. ಬೇರೆ ಹೆಂಗಸರು ಇಳಿಯುತ್ತಲೇ ಅದನ್ನು ಮುದುಡಿ ಬಿಸಾಕುತ್ತಿದ್ದರು. ಕೊಟ್ಟೂರೇಶ್ ಮಾತ್ರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು, ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಳ್ಳುತ್ತಿದ್ದ.

ಇದನ್ನು ನೋಡಿ ಬಡಾವಣೆಯ ಹೆಂಗಸರು ಕರಗಿದರು. ಅವರು ಕರಗಿದ ರಭಸಕ್ಕೆ ಕಮ್ಮಿಯೆಂದರೂ ಮೂವತ್ತೇಳು ಮನೆಗಳ ಸಾರಿನಲ್ಲಿ ಉಪ್ಪು ಏರುಪೇರಾಯಿತು. ನನ್ನ ಮನೆಯಲ್ಲಿ ಹೆಂಡತಿ ನೀಲಕ್ಕ ನಮ್ಮ ನಲವತ್ತೆರಡು ವರ್ಷದ ಸಂಸಾರವನ್ನು ಒಂದೇ ಸಂಜೆಯಲ್ಲಿ ತೂಗಿ ಕೆಳಗಿಟ್ಟಳು.

“ನೀವು ಒಂದಿನನಾದ್ರೂ ನನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟೀರೇನ್ರಿ?”

“ನಿನ್ನ ತವರು ಹಿಂದಿನ ಓಣೀಲೇ ಐತಲ್ಲ ಮಾರಾಯ್ತಿ. ಅಲ್ಲಿಗೆ ಯಾವ ಬಸ್ ಹೋಗತೈತೆ?”

“ಮನಸಿದ್ದೋರು ಓಣಿ ತುದಿಗೂ ಬಂದು ಕಾಯ್ತಾರೆ. ಆ ಹುಡುಗನ್ನ ನೋಡಿ ಕಲೀರಿ.”

ಕಲಿಯುವ ವಯಸ್ಸು ನನಗೆ ದಾಟಿತ್ತು. ಆದರೆ ಹುಡುಗನಲ್ಲಿ ಕುಂದು ಹುಡುಕಲು ನನಗೂ ಆಗಲಿಲ್ಲ. ಹದಡಿಯ ಕಡೆಯ ಅನುಕೂಲಸ್ಥ ಮನೆತನ, ದಾವಣಗೆರೆಯಲ್ಲಿ ಸ್ವಂತದ್ದೊಂದು ಪಂಪು-ಪೈಪಿನ ಅಂಗಡಿ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಹಿರಿಯರನ್ನು ಕಂಡರೆ ಸ್ಕೂಟರಿನಿಂದ ಇಳಿದು ಶರಣು ಎನ್ನುತ್ತಾನೆ. ಮಾತಿಗೆ ಅವನು ಹಚ್ಚುತ್ತಿದ್ದ ಬೆಣ್ಣೆಯಲ್ಲಿ ನಮ್ಮೂರಿನ ಅಷ್ಟೂ ಹೋಟೆಲುಗಳು ಒಂದು ವಾರ ದೋಸೆ ಹಾಕಬಹುದಿತ್ತು. ಒಂದು ಸಂಜೆ ಕೇಳಿದೆ.

“ದಿನಾ ಹಿಂಗೆ ನಿಂತು ಬೇಸರ ಆಗಲ್ಲೇನಪ್ಪ?”

“ಆಕಿ ಇಳಿಯಾವರೆಗೂ ಎದಿ ಮ್ಯಾಲೆ ಯಾರೋ ಕುಂತಂಗೆ ಆಗತೈತೆ ಅಜ್ಜಾರೆ. ಮಧ್ಯಾಹ್ನದ ಊಟನೂ ರುಚಿ ಹತ್ತಲ್ಲ.”

ಅವನು ಹೇಳಿದ್ದು ಅಕ್ಷರಶಃ ನಿಜ. ಅದನ್ನು ಪ್ರೀತಿ ಎಂದು ತಿಳಿದುಕೊಂಡದ್ದು ನನ್ನ ತಪ್ಪು. ತಿಳಿದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತು. ನಾನು ಅದನ್ನು ಬರೆದೆ.

ನಮ್ಮ ಬಡಾವಣೆಗೊಂದು ಹಿತರಕ್ಷಣಾ ಸಮಿತಿ ಇದೆ. ಬೀದಿದೀಪ, ಚರಂಡಿ ಇವೆರಡನ್ನು ಬಿಟ್ಟು ಮಿಕ್ಕೆಲ್ಲದರ ಹಿತವನ್ನು ಅದು ರಕ್ಷಿಸುತ್ತದೆ. ನವೆಂಬರಿನಲ್ಲಿ ರಾಜ್ಯೋತ್ಸವ ಮಾಡಿ, ಸಿಕ್ಕವರಿಗೆ ಶಾಲು ಹೊದಿಸಿ, ಕಟ್ಟು ಹಾಕಿಸಿದ ಸನ್ಮಾನ ಪತ್ರ ಕೊಡುವುದು ಅದರ ಮುಖ್ಯ ಕೆಲಸ. ಶಾಲಿನ ಅಂಗಡಿಯವರು ಹೇಳುವ ಪ್ರಕಾರ ದಾವಣಗೆರೆಯಲ್ಲಿ ಇನ್ನೂ ಸನ್ಮಾನ ಆಗದೆ ಉಳಿದವರು ಹನ್ನೊಂದೇ ಜನ, ಅದರಲ್ಲಿ ಐವರು ತೊಟ್ಟಿಲಲ್ಲಿದ್ದಾರೆ. ನಮ್ಮ ಬಡಾವಣೆಯಲ್ಲಂತೂ ನಿವೃತ್ತ ಶಿಕ್ಷಕರು, ನಿವೃತ್ತ ಸೈನಿಕರು, ನಿವೃತ್ತ ಅಡುಗೆಯವರು ಎಲ್ಲರೂ ಮುಗಿದಿದ್ದರು. ಹೋದ ವರ್ಷ ಸಮಿತಿಯ ಅಧ್ಯಕ್ಷ ವೀರೇಶನಿಗೆ ಹೊಸದೊಂದು ಹೊಳೆಯಿತು.

“ಈ ಸಲ ಆದರ್ಶ ದಂಪತಿ ಅಂತ ಮಾಡಾಣ್ರಿ. ಕೊಟ್ಟೂರೇಶನ್ನ ಬಿಟ್ರೆ ಇನ್ಯಾರದಾರೆ ಹೇಳ್ರಿ. ಸನ್ಮಾನ ಪತ್ರ ಬೋರಣ್ಣಾರು ಬರೀಲಿ.”

ಬೋರಣ್ಣಾರು ಎಂದರೆ ನಾನು. ಮಿಲ್ಲಿನ ಟೈಂ ಆಫೀಸಿನಲ್ಲಿ ಮೂವತ್ತು ವರ್ಷ ಕೂಲಿಕಾರರ ಹಾಜರಿ ಬರೆದವನು. ಮಿಲ್ಲು ಮುಚ್ಚಿದ ಮೇಲೆ ಸಮಿತಿಯ ಸನ್ಮಾನ ಪತ್ರಗಳನ್ನು ಬರೆಯುತ್ತ ಬಂದವನು. ಚರಂಡಿ ಇಂಜಿನಿಯರನ್ನು ಭಗೀರಥ ಎಂದು ಕರೆದಿದ್ದು ನಾನೇ. ಅವನ ಚರಂಡಿಯಲ್ಲಿ ಆಮೇಲೂ ನೀರು ಹರಿಯಲಿಲ್ಲ, ಅದು ಬೇರೆ ಮಾತು. ಕೊಟ್ಟೂರೇಶನ ಪತ್ರಕ್ಕೆ ಕೂತವನು ಎರಡು ಮಧ್ಯಾಹ್ನ ಎದ್ದೇಳಲಿಲ್ಲ. “ಸತಿಯ ಕೈಯೊಳಗಿನ ಒಂದು ಚೀಟಿಯ ಭಾರವನ್ನೂ ತಾವೇ ಹೊರುವ ಕರುಣಾಳುವೇ” ಎಂದು ಶುರು ಮಾಡಿದೆ. “ರೆಪ್ಪೆಯು ಕಣ್ಣನ್ನು ಕಾಯುವಂತೆ ಹಗಲಿರುಳೂ ಕಾಯುವ” ಎಂದೆ. ಈ ದಾಂಪತ್ಯವನ್ನು ಕಂಡು ಆಕಾಶದಲ್ಲಿ ಅರುಂಧತಿ, ವಸಿಷ್ಠರು ನಾಚಿ ಮೋಡದ ಮರೆಗೆ ಸರಿದರು ಎಂದು ಮುಗಿಸಿದೆ. ವೀರೇಶ್ ಓದಿ ಕಣ್ಣು ಒರೆಸಿಕೊಂಡ.

ಸಮಾರಂಭದ ದಿನ ಇಬ್ಬರನ್ನೂ ಸಿಂಹಾಸನದಂಥ ಎರಡು ಕುರ್ಚಿಗಳಲ್ಲಿ ಕೂಡಿಸಿದರು. ಅವನಿಗೆ ಪೇಟ, ಆಕೆಗೆ ಅರಿಷಿಣ ಬಣ್ಣದ ಶಾಲು, ಇಬ್ಬರ ಮಡಿಲಿಗೂ ಹಣ್ಣಿನ ಬುಟ್ಟಿ. ನಾನು ಪತ್ರ ಓದಿದೆ. ಚೀಟಿಯ ಭಾರದ ಸಾಲು ಬಂದಾಗ ಚಪ್ಪಾಳೆ ಬಿತ್ತು. ವಾಣಿಶ್ರೀ ತಲೆ ತಗ್ಗಿಸಿ ಬುಟ್ಟಿಯೊಳಗಿನ ಅನಾನಸನ್ನು ನೋಡುತ್ತಿದ್ದಳು. ನಾಚಿಕೆ ಎಂದುಕೊಂಡೆವು.

“ವಾಣಿಶ್ರೀಯವರು ಎರಡು ಮಾತಾಡ್ಬೇಕು” ಎಂದು ವೀರೇಶ್ ಕರೆದ. ಆಕೆ ಎದ್ದು ಬಂದು ನಿಂತಳು. ಮೈಕು ಆಕೆಯ ತಲೆಗಿಂತ ಮೇಲಿತ್ತು. ಮೈಕಿನ ಹನುಮೇಶ್ ಓಡಿಬಂದು ಅದರ ಕುತ್ತಿಗೆ ಹಿಡಿದು ಜಗ್ಗಿದ.

“ತಡೀರಿ ಅಕ್ಕಾರೆ, ಬಗ್ಗಸ್ತೀನಿ. ಇದಕ್ಕೂ ನಮ್ಮ ಅಧ್ಯಕ್ಷರಿಗೂ ಬಗ್ಗೋ ಅಭ್ಯಾಸ ಇಲ್ಲ.”

ವಾಣಿಶ್ರೀ ನಕ್ಕುಬಿಟ್ಟಳು. ಮೈಕು ಅದೇ ಹೊತ್ತಿಗೆ ಬಾಯಿಯ ಮುಂದೆ ಬಂದಿದ್ದರಿಂದ ಆ ನಗು ಶಾಮಿಯಾನ ದಾಟಿ, ಪಾರ್ಕು ದಾಟಿ ಇಡೀ ಬಡಾವಣೆಗೆ ಕೇಳಿಸಿತು. ಚಲೋ ನಗು, ಕೇಳಿದವರಿಗೂ ನಗು ಬರುವಂಥದ್ದು. ನಾವೆಲ್ಲ ನಕ್ಕೆವು. ಕೊಟ್ಟೂರೇಶ್ ಎದ್ದು ಬಂದು ಮೈಕು ತೆಗೆದುಕೊಂಡ.

“ಆಕಿಗೆ ಸ್ಟೇಜ್ ಮ್ಯಾಲೆ ಮಾತಾಡಿ ರೂಢಿ ಇಲ್ರಿ” ಎಂದು ಮುಗುಳ್ನಕ್ಕು, ಎಲ್ಲರಿಗೂ ಕೈಮುಗಿದು, ಹೆಂಡತಿಯ ಶಾಲು ಸರಿಮಾಡಿದ. ಮತ್ತೆ ಚಪ್ಪಾಳೆ.

ಅದಾದ ಮೂರು ವಾರಕ್ಕೆ ನನ್ನ ಕನ್ನಡಕ ಒಡೆಯಿತು. ಮೊಮ್ಮಗಳು ಅದರ ಮೇಲೆ ಕೂತಳು. ನನಗೆ ದಾವಣಗೆರೆಯ ಕನ್ನಡಕದವರ ಮೇಲೆ ನಂಬಿಕೆಯಿಲ್ಲ. ಹಿಂದೊಮ್ಮೆ ವಾಣಿಶ್ರೀಯೇ ಹರಿಹರದಲ್ಲಿ ಒಂದು ಕನ್ನಡಕ ಹಾಕಿಕೊಟ್ಟಿದ್ದಳು. ಚೌಕಟ್ಟನ್ನು ತಾನೇ ನನ್ನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಬೆರಳಾಡಿಸಿ, ಕಡ್ಡಿಯನ್ನು ಬಿಸಿಮಾಡಿ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಇಟ್ಟು ನೋಡಿ, ನಾಲ್ಕನೇ ಸಲಕ್ಕೆ “ಈಗ ಸರಿಯಾತು” ಅಂದಿದ್ದಳು. ಆ ಕನ್ನಡಕ ಮುಖದ ಮೇಲಿರುವುದನ್ನು ನಾನು ಎಷ್ಟು ಮರೆತಿದ್ದೆನೆಂದರೆ, ಅದನ್ನು ಹಾಕಿಕೊಂಡೇ ಅದನ್ನು ಹುಡುಕಿ ಇಡೀ ಒಂದು ವಾರ ಮನೆಯವರನ್ನೆಲ್ಲ ಬೈದಿದ್ದೆ. ಅದಕ್ಕೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ.

ನಬೀ ಸಾಬರ ಅಂಗಡಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ. ನಬೀ ಸಾಬರು ನನ್ನದೇ ವಯಸ್ಸಿನವರು, ಬಿಳಿ ಗಡ್ಡ, ಹಣೆಯ ಮೇಲೆ ಯಾವಾಗಲೂ ಒಂದು ಭೂತಗನ್ನಡಿ. ವಾಣಿಶ್ರೀ ನನ್ನನ್ನು ನೋಡಿ ಎದ್ದಳು, ಆದರೆ ನಗಲಿಲ್ಲ. ಹಳೆಯ ನಂಬರಿಗೇ ಗಾಜು ಹಾಕಿ, ಅರ್ಧ ಗಂಟೆಯಲ್ಲಿ ಸಿದ್ಧಮಾಡಿದ ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದಳು.

“ಹಾಕ್ಕೊಂಡು ನೋಡ್ರಿ ಅಜ್ಜಾರೆ.”

“ನೀನೇ ಹಾಕಮ್ಮ. ಹೋದ್ಸಲ ನೀನು ಹಾಕಿದ್ದು ನನ್ನ ಕಿವಿಗೆ ಗೊತ್ತೇ ಆಗಿದ್ದಿಲ್ಲ.”

ಆಕೆ ಎರಡೂ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಒಳಗಿಂದ ನಬೀ ಸಾಬರು ಹೇಳಿದರು.

“ಆಕೆ ಈಗ ಗಂಡಸರ ಮುಖ ಮುಟ್ಟಂಗಿಲ್ಲ ಬೋರಣ್ಣಾರೆ. ಹುಕುಂ ಆಗೈತೆ.”

“ಯಾರ ಹುಕುಂ?”

“ಆದರ್ಶ ಗಂಡಂದು. ನೀವೇ ಪೇಟ ಸುತ್ತಿದ್ರಂತಲ್ಲ.”

“ನನ್ನ ಮುಖ ಮುಟ್ಟಿದ್ರೆ ಏನಾಗತೈತೆ ಸಾಬ್ರೆ? ನಾಲ್ಕು ಸುಕ್ಕು ಕೈಗೆ ಹತ್ತಬಹುದು ಅಷ್ಟೇ.”

ವಾಣಿಶ್ರೀ ತಲೆಯೆತ್ತಲಿಲ್ಲ. “ವಯಸ್ಸು ಅವರು ಕೇಳಲ್ರಿ ಅಜ್ಜಾರೆ. ಎಷ್ಟು ಮುಖ ಅಂತ ಕೇಳ್ತಿದ್ರು. ಸಂಜಿ ಸ್ಕೂಟರ್ ಹತ್ತಿದ ಕೂಡ್ಲೆ, ಇವತ್ತು ಎಷ್ಟು ಮುಖ ಹಿಡಿದೆ ಅಂತಿದ್ರು. ಏಳು ಅಂದ್ರೆ, ಸಾಬ್ರಿಗೆ ಫೋನ್ ಮಾಡಿ ಎಷ್ಟು ಕನ್ನಡಕ ಹೋದ್ವು ಅಂತ ಕೇಳ್ತಿದ್ರು. ಒಂಬತ್ತು ಅಂತ ಗೊತ್ತಾದ್ರೆ, ಉಳಿದೆರಡು ಯಾರದ್ದು, ಯಾಕ ಮುಚ್ಚಿಟ್ಟೆ ಅಂತ ಮನಿ ಮುಟ್ಟೋವರೆಗೂ, ಊಟಕ್ಕೆ ಕುಂತ್ರೂ ಅದೇ.”

“ಮತ್ತೆ ಆ ಟಿಕೆಟ್ಟು?”

“ಅದರ ಮ್ಯಾಲೆ ಬಸ್ ಹತ್ತಿದ ಟೈಂ ಬಿದ್ದಿರತೈತಲ್ರಿ. ಇಲ್ಲಿಂದ ಅಲ್ಲಿಗೆ ನಲವತ್ತು ನಿಮಿಷ ಅಂತ ಇಟ್ಟಾರೆ. ಬಸ್ ನಿಧಾನ ಬಂದ್ರೆ ಕಂಡಕ್ಟರ್ ಮುಖ ನೋಡ್ತಾರೆ, ಆಮ್ಯಾಲೆ ನನ್ನ ಮುಖ.”

ಮಿಲ್ಲಿನ ಗೇಟಿನಲ್ಲಿ ಕೂತು ಮೂವತ್ತು ವರ್ಷ ನಾನು ಮಾಡಿದ್ದೂ ಅದನ್ನೇ: ಕಾರ್ಡು ಇಸಿದುಕೊಳ್ಳುವುದು, ಟೈಂ ಓದುವುದು, ಮುಖ ನೋಡುವುದು. ಆ ಕೈ ಚಾಚುವ ರೀತಿ ಭೂಮಿಯ ಮೇಲೆ ಬೇರೆ ಯಾರಿಗೆ ಗುರುತು ಸಿಗದಿದ್ದರೂ ನನಗೆ ಸಿಗಬೇಕಿತ್ತು. ನಾನು ಅದನ್ನು ಕರುಣೆ ಎಂದು ಬರೆದು ಕಟ್ಟು ಹಾಕಿಸಿದ್ದೆ.

“ಅವತ್ತು ಮೈಕ್ ಮುಂದೆ ನಕ್ಕೆನಲ್ರಿ,” ಆಕೆ ಹೇಳಿದಳು. “ಇವತ್ತಿಗೆ ಇಪ್ಪತ್ತೆರಡು ದಿನ. ನನ್ನ ಕೂಡ ಮಾತಿಲ್ಲ. ಹೇಳಾದು ಏನಾದ್ರೂ ಇದ್ರೆ ಗ್ವಾಡಿ ಗಡಿಯಾರಕ್ಕೆ ಹೇಳ್ತಾರೆ. ‘ಕೆಲವರಿಗೆ ಮೈಕಿನವನ ಜೋಕು ಸೇರತೈತೆ, ಗಂಡನ ಮನಿ ಸೇರಲ್ಲ.’ ನಾನು ಊಟಕ್ಕೆ ಏಳ್ರಿ ಅಂದ್ರೂ ಗಡಿಯಾರದ ಕಡೀಗೇ ನೋಡ್ತಾರೆ. ಒಂದೊಂದ್ಸಲ ನನಗೂ ಅನಸತೈತೆ, ಆ ಮನಿಯಾಗ ಸಂಸಾರ ಮಾಡ್ತಿರಾದು ಅವರು ಮತ್ತು ಗಡಿಯಾರ. ನಾನು ಕೆಲಸಕ್ಕ ಬಂದಾಕಿ.”

ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು. ವಿಡಿಯೋ ಕಾಲು. ಆಕೆ ತೆಗೆದು, ಒಂದು ಮಾತೂ ಆಡದೆ, ಫೋನನ್ನು ಎದುರಿಗೆ ಹಿಡಿದು ನಿಧಾನವಾಗಿ ಅಂಗಡಿಯ ಸುತ್ತ ತಿರುಗಿಸಿದಳು. ದೇವರಿಗೆ ಆರತಿ ಎತ್ತಿದ ಹಾಗೆ. ಬಾಗಿಲು, ಕನ್ನಡಿ, ಚೌಕಟ್ಟುಗಳ ಗೋಡೆ, ನಬೀ ಸಾಬರ ಬೆನ್ನು. ಆ ಕಡೆಯಿಂದಲೂ ಮಾತಿಲ್ಲ. ಫೋನು ನನ್ನ ಮುಖಕ್ಕೆ ಬಂದು ನಿಂತಾಗ ಮಾತ್ರ ದನಿ ಬಂತು, ಬೆಣ್ಣೆಯಂಥದ್ದು.

“ಓ, ಅಜ್ಜಾರು. ಶರಣ್ರಿ. ಕನ್ನಡಕಕ್ಕ ಬಂದೀರೇನ್ರಿ?”

“ಹೌದಪ್ಪ” ಎಂದೆ. ಬೇರೆ ಏನಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಅಷ್ಟೇ.

ಫೋನು ಕಟ್ಟಾದ ಮೇಲೆ ನಬೀ ಸಾಬರು ಹೊರಗೆ ಬಂದು ಕೂತರು. “ಐವತ್ತು ವರ್ಷದಾಗ ನನ್ನ ಅಂಗಡಿಗೆ ಇಂಥ ಹಗುರ ಕೈ ಬಂದಿದ್ದಿಲ್ಲ. ನನ್ನ ಕಣ್ಣು ಮುಗೀತಾ ಬಂತು. ಅಂಗಡಿ ಮಗಳಂಥ ಈ ಬೇಟಿ ಕೈಗೆ ಒಪ್ಪಿಸಿ ಮನೇಲಿ ಕುಂತ್ಕೋಬೇಕು ಅಂತ ಇದ್ದೆ. ಈಗ ಮುಖ ಮುಟ್ಟದೆ ಕನ್ನಡಕ ಹೆಂಗೆ ಕೂಡ್ಸಾದು ಹೇಳ್ರಿ.”

“ಕೆಲಸ ಬಿಡು ಅಂತ ಗಡಿಯಾರಕ್ಕೆ ದಿನಾ ಹೇಳ್ತಾರೆ,” ವಾಣಿಶ್ರೀ ಹೇಳಿದಳು. “ಮಿಕ್ಕಿದ್ದೆಲ್ಲ ಬಿಟ್ಟೀನ್ರಿ ಅಜ್ಜಾರೆ. ಗೆಳತೇರನ್ನ ಬಿಟ್ಟೆ, ಫೋನಿನಾಗ ಫೋಟೋ ಹಾಕಾದು ಬಿಟ್ಟೆ, ತವರಿಗೆ ಒಬ್ಬಳೇ ಹೋಗಾದು ಬಿಟ್ಟೆ. ಇದೊಂದು ಬಿಡಂಗಿಲ್ಲ. ಸೂಜಿಗೆ ದಾರ ಪೋಣಿಸಾಕ ಬರದ ಮುದುಕಿ ಇಲ್ಲಿಂದ ಪೇಪರ್ ಓದ್ಕೋತಾ ಹೋಗ್ತಾಳೆ. ಅದನ್ನ ನೋಡಿದ ದಿನ ನನಗೆ ರಾತ್ರಿ ಊಟ ಸೇರತೈತೆ.”

ಆಕೆ ಮತ್ತೊಂದು ಮಾತು ಹೇಳಿದಳು.

“ಮೊದಲ ವರ್ಷ ಅವರು ಬಂದು ಕಾಯ್ತಿದ್ರಲ್ಲ, ನನಗೂ ಖುಷಿ ಇತ್ರಿ. ನಮ್ಮೂರು ಕುಕ್ಕುವಾಡದಾಗ ನಮ್ಮವ್ವನ್ನ ಯಾರೂ ಎಲ್ಲೂ ಕಾದಿದ್ದು ನಾನು ಕಂಡಿಲ್ಲ. ಬಸ್ ತಿರುವು ದಾಟಿ ಆ ಬಿಳಿ ಸ್ಕೂಟರ್ ಕಂಡ್ರೆ ಸಾಕು, ಸೀಟಿಂದ ಎದ್ದು ನಿಲ್ತಿದ್ದೆ. ಈಗ್ಲೂ ಎದ್ದು ನಿಲ್ತೀನಿ. ಟಿಕೆಟ್ ಹಿಡಿದ ಕೈ ಬೆವತಿರತೈತೆ.”

ಕನ್ನಡಕವನ್ನು ನಾನೇ ಹಾಕಿಕೊಂಡು ಬಂದೆ.

ಡಿಸೆಂಬರಿನಲ್ಲಿ ಆಕೆ ಒಬ್ಬಳೇ ತವರಿಗೆ ಹೊರಟುಹೋದಳು. ನಾಲ್ಕನೆಯ ದಿನ ಅಪ್ಪ ವಾಮದೇವಪ್ಪ ಮಗಳನ್ನು ಕರೆದುಕೊಂಡು ಬಂದರು. ಭಾನುವಾರ ಬೆಳಗ್ಗೆ ಕೊಟ್ಟೂರೇಶನ ಮನೆಯಲ್ಲಿ ಹಿರಿಯರ ಮಾತುಕತೆ ಎಂದಾಯಿತು. ವಾಮದೇವಪ್ಪ, ಕೊಟ್ಟೂರೇಶನ ತಾಯಿ ಕಸ್ತೂರಮ್ಮ, ಸಮಿತಿಯ ಪರವಾಗಿ ವೀರೇಶ್, ಮತ್ತು ನಾನು. ನಾನು ಬರಬೇಕೆಂದು ಹೇಳಿಕಳಿಸಿದವಳು ವಾಣಿಶ್ರೀ. ನನ್ನ ಬಾಯಿಂದ ನಾಲ್ಕು ಮಾತು ಬಿದ್ದರೆ ಕೆಲಸ ಉಳಿಯುತ್ತದೆ ಎಂದು ಆಕೆಗೆ ನಂಬಿಕೆ. ನನಗೂ ಇತ್ತು. ದಾರಿಯುದ್ದಕ್ಕೂ ಆ ನಾಲ್ಕು ಮಾತನ್ನು ಗೊಣಗಿಕೊಂಡು ಹೋದೆ.

ಕಸ್ತೂರಮ್ಮ ಚಹಾ ಕೊಟ್ಟು ಮಾತು ತೆಗೆದರು. “ಕುಡೀತಾನೇನ್ರಿ ನನ್ನ ಮಗ? ಒಂದು ಏಟು ಹೊಡೆದಾನೇನ್ರಿ? ಕೇಳ್ರಿ ಆಕೀನ.”

“ಹೊಡೆದಿಲ್ಲ” ಎಂದಳು ವಾಣಿಶ್ರೀ.

“ಮತ್ತೇನವ್ವ?” ವಾಮದೇವಪ್ಪ ಕೇಳಿದರು. ಒಳ್ಳೆಯ ಮನುಷ್ಯ, ಮಗಳ ಮುಖ ನೋಡಲಾಗದೆ ಲೋಟದೊಳಗೆ ನೋಡುತ್ತ ಕೇಳಿದರು. “ಕಾಯ್ತಾನೆ, ಕರ್ಕೊಂಡ್ ಬರ್ತಾನೆ. ಇನ್ನೇನು ಬೇಕು ನಿನಗೆ?”

“ಹೊಡೆದಿದ್ರೆ ಚಲೋ ಆಗ್ತಿತ್ತಪ್ಪ. ನಿಮಗೆ ತೋರ್ಸಾಕ ಏನಾದ್ರೂ ಇರ್ತಿತ್ತು.”

ಆಕೆಯೇ ಮುಂದುವರಿಸಿದಳು. “ನಾನು ಬಿಟ್ಟುಹೋಗ್ತೀನಿ ಅಂತಿಲ್ಲ. ಕೆಲಸ ಬಿಡಂಗಿಲ್ಲ. ಟಿಕೆಟ್ ಕೇಳಬಾರದು, ಫೋನ್ ತಿರುಗ್ಸು ಅನ್ನಬಾರದು, ಮುಖ ಎಣಿಸಬಾರದು. ಏನಾದ್ರೂ ಹೇಳಾದಿದ್ರೆ ನನಗೇ ಹೇಳಬೇಕು. ಇಷ್ಟೇ.”

ಎದ್ದು ಒಳಗೆ ಹೋಗಿ, ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುವ ಕಬ್ಬಿಣದ ಕಂಬಿಯೊಂದನ್ನು ತಂದು ನಡುವೆ ಇಟ್ಟಳು. ಅದರ ತುಂಬ ಬಸ್ ಟಿಕೆಟ್ಟು. ಬುಡದಿಂದ ತುದಿಯವರೆಗೆ, ಒಂದರ ಮೇಲೊಂದು, ದಿನ ತಪ್ಪದೆ. ಕೆಲವದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿತ್ತು; ಅವು ತಡವಾದ ದಿನಗಳು. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ನಾನು ನಿರಾಳವಾದೆ. ವೀರೇಶ್ ಕಂಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

“ಎಷ್ಟು ನೀಟಾಗಿ ಇಟ್ಟಾರೆ ನೋಡ್ರಿ” ಎಂದ. “ನಾನು ನನ್ನ ಹೆಂಡ್ತಿ ಫೋನ್ ನಂಬರೂ ನೆಟ್ಟಗೆ ಇಟ್ಕೊಂಡಿಲ್ಲ.”

ಕಸ್ತೂರಮ್ಮನ ಮುಖ ಅರಳಿತು. ಕೊಟ್ಟೂರೇಶ್ ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತಿದ್ದ. ಈಗ ಮಾತಾಡಿದ.

“ನನಗೂ ಸುಖ ಐತೇನ್ರಿ? ಅಂಗಡಿಯಾಗ ಪೈಪ್ ಅಳೀತಿರ್ತೀನಿ, ತಲಿ ಒಳಗೆ ಹರಿಹರ ಓಡ್ತಿರತೈತೆ. ಈಗ ಯಾರ ಮುಂದೆ ಕುಂತಾಳೋ, ಯಾರ ಕಿವಿ ಹಿಡಿದಾಳೋ ಅಂತ. ಎರಡು ವರ್ಷ ಆತ್ರಿ ನಾನು ಕಣ್ತುಂಬ ನಿದ್ದಿ ಮಾಡಿ. ಇದು ಪ್ರೀತಿ ಅಲ್ಲಾಂದ್ರೆ ಮತ್ತೇನ್ರಿ?”

ಕಣ್ಣಲ್ಲಿ ನೀರು ಬಂತು. ನಾಟಕದ ನೀರಲ್ಲ. ಆ ಮನುಷ್ಯ ಎರಡು ವರ್ಷದಿಂದ ಒಂದು ತುತ್ತನ್ನೂ ರುಚಿ ನೋಡಿ ತಿಂದಿರಲಿಲ್ಲ. ಹೆಂಡತಿಯೂ ತಿನ್ನದ ಹಾಗೆ ನೋಡಿಕೊಂಡಿದ್ದ. ಆದರೆ ಅಳುವ ಗಂಡಸನ್ನು ಕಂಡರೆ ನಮ್ಮ ಕಡೆ ನ್ಯಾಯ ಅಲ್ಲಿಗೇ ಮುಗಿದ ಹಾಗೆ. ವಾಮದೇವಪ್ಪ ಅಳಿಯನ ಬೆನ್ನ ಮೇಲೆ ಕೈ ಇಟ್ಟರು. ಕೊಟ್ಟೂರೇಶ್ ಕಣ್ಣೊರೆಸಿಕೊಂಡು ಎದ್ದು, ಗೋಡೆಯ ಮೇಲಿನ ಸನ್ಮಾನ ಪತ್ರವನ್ನು ಕಟ್ಟು ಸಮೇತ ಇಳಿಸಿ ನನ್ನ ತೊಡೆಯ ಮೇಲೆ ಇಟ್ಟ.

“ಅಜ್ಜಾರೆ, ಇದನ್ನ ನೀವೇ ಬರೆದದ್ದು. ನೀವು ನಮ್ಮಿಬ್ಬರನ್ನೂ ದಿನಾ ಕಂಡೋರು. ಇಲ್ಲಿ ಒಂದ್ಸಲ ಓದಿಬಿಡ್ರಿ. ಆಮ್ಯಾಲೆ ತಪ್ಪು ನಂದು ಅಂದ್ರೆ ಒಪ್ಕೋತೀನಿ.”

ವಾಣಿಶ್ರೀ ನನ್ನನ್ನೇ ನೋಡುತ್ತಿದ್ದಳು. ನಾನು ಓದಲಿಲ್ಲ.

“ಇದರಾಗ ಬರೆದದ್ದೆಲ್ಲ ಸುಳ್ಳು” ಎಂದೆ. “ಅರುಂಧತಿನೂ ಇಲ್ಲ, ವಸಿಷ್ಠನೂ ಇಲ್ಲ. ಆ ಚೀಟಿ ಹೊತ್ತದ್ದು ಕರುಣೆಯಿಂದ ಅಲ್ಲ, ಅದು ಹಾಜರಿ. ನಾನು ಮಿಲ್ಲಿನಾಗ ತಗೋತಿದ್ದೆನಲ್ಲ, ಅದೇ ಹಾಜರಿ. ಈ ಹುಡುಗಿ ಹೇಳೋದು ಅಷ್ಟೂ ಖರೆ. ನಾನು ಹರಿಹರದಾಗ ನೋಡೀನಿ.”

ವೀರೇಶ್ ತೊಡೆ ತಟ್ಟಿ ನಗಲು ಶುರುಮಾಡಿದ.

“ಬೋರಣ್ಣಾರೆ, ಇಲ್ಲೂ ಶುರು ಮಾಡಿದ್ರಿ ನೋಡ್ರಿ.” ವಾಮದೇವಪ್ಪನ ಕಡೆ ತಿರುಗಿ, “ಇವರದು ಬಿಡ್ರಿ, ಯಾವಾಗ್ಲೂ ತಮಾಷಿ. ಬಸ್ ಸ್ಟಾಪಿನ ತಗ್ಗಿನಾಗ ಎಮ್ಮಿ ಈಜಿದ ಕಥಿ ಹೇಳ್ರಿ ಅಜ್ಜಾರೆ, ಮಾವಾರು ಕೇಳ್ಲಿ.”

ವಾಮದೇವಪ್ಪನೂ ನಕ್ಕರು. ಪಾಪ, ಆ ಮನೆಗೆ ಕಾಲಿಟ್ಟಾಗಿನಿಂದ ನಗಲು ಒಂದು ನೆಪ ಸಿಕ್ಕಿದ್ದು ಅವರಿಗೆ ಅದೇ ಮೊದಲು. ಕಸ್ತೂರಮ್ಮ ಸೆರಗು ಬಾಯಿಗೆ ಹಿಡಿದರು. “ನಾನು ತಮಾಷಿ ಮಾಡ್ತಿಲ್ಲ” ಎಂದೆ. ಅದಕ್ಕೆ ಇನ್ನೂ ಜೋರು ನಗು. ಎಪ್ಪತ್ತೆರಡು ವರ್ಷದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ದಾವಣಗೆರೆಯಿಂದ ಹರಿಹರ ಮುಟ್ಟಿ ವಾಪಸು ಬರುತ್ತವೆ. ಅದರಲ್ಲಿ ಒಂದನ್ನೂ ಯಾರೂ ಅಲ್ಲಗಳೆದಿರಲಿಲ್ಲ. ಹಗಲು ಹನ್ನೊಂದು ಗಂಟೆಗೆ, ಚಹಾ ಕುಡಿದ ಬಾಯಲ್ಲಿ, ಒಂದೇ ಒಂದು ನಿಜ ಹೇಳಿದೆ.

ವಾಣಿಶ್ರೀ ಕಂಬಿಯನ್ನು ಎತ್ತಿಕೊಂಡು ಒಳಗೆ ಹೋದಳು.

ತೀರ್ಮಾನ ವೀರೇಶ್ ಹೇಳಿದ: ಆಕೆ ಆರು ತಿಂಗಳು ಕೆಲಸ ಬಿಡಲಿ, ಹುಡುಗನ ಮನಸ್ಸು ತಿಳಿಯಾಗಲಿ, ಆಮೇಲೆ ನೋಡೋಣ. ಅದಕ್ಕೆ ಪ್ರತಿಯಾಗಿ ಕೊಟ್ಟೂರೇಶ್ ಹೆಂಡತಿಯನ್ನು ಮಾತಾಡಿಸಬೇಕು. ಅವನು ಉದಾರವಾಗಿ ಒಪ್ಪಿಕೊಂಡ. ಹೋಗುವಾಗ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಆರು ತಿಂಗಳು ಮುಗಿದು ಮತ್ತೆ ಮೂರಾಗಿದೆ. ಕೆಲಸದ ಮಾತನ್ನು ಯಾರೂ ತೆಗೆದಿಲ್ಲ. ನಬೀ ಸಾಬರು ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು, ಭೂತಗನ್ನಡಿ ಹಿಡಿದು ಹೇಗೋ ನಡೆಸುತ್ತಿದ್ದಾರೆ. ಬಸ್ ನಿಲ್ದಾಣದಲ್ಲಿ ಈಗ ಬಿಳಿ ಸ್ಕೂಟರು ಇಲ್ಲ. ಕೊಟ್ಟೂರೇಶ್ ಅಂಗಡಿಯಿಂದ ದಿನಕ್ಕೆ ನಾಲ್ಕು ಸಲ ಮನೆಗೆ ಬಂದು ಹೋಗುತ್ತಾನೆ. ಹೆಂಡತಿ ಮೇಲೆ ಎಷ್ಟು ಜೀವ ನೋಡ್ರಿ ಎಂದು ಬಡಾವಣೆಯ ಹೆಂಗಸರು ಈಗಲೂ ಹೇಳುತ್ತಾರೆ. ನೀಲಕ್ಕ ಮಾತ್ರ ಹೇಳುವುದಿಲ್ಲ. ಆಕೆಗೆ ನಾನು ಎಲ್ಲವನ್ನೂ ಹೇಳಿದೆ, ಆಕೆ ನಂಬಿದಳು. ಇಡೀ ಬಡಾವಣೆಯಲ್ಲಿ ಆಕೆಯೊಬ್ಬಳು.

ಹೋದ ತಿಂಗಳು ನನ್ನ ಕನ್ನಡಕದ ಬಲಗಡೆಯ ಕಡ್ಡಿ ಸಡಿಲವಾಯಿತು. ಹರಿಹರಕ್ಕೆ ಹೋಗಲು ಕಾಲು ಬರಲಿಲ್ಲ. ಮಧ್ಯಾಹ್ನ ಅವರ ಮನೆಗೇ ಹೋದೆ. ಕೊಟ್ಟೂರೇಶ್ ಊಟ ಮುಗಿಸಿ ಕೂತಿದ್ದ.

“ಬರ್ರಿ ಅಜ್ಜಾರೆ, ಕೂಡ್ರಿ. ಕನ್ನಡಕನಾ? ಅದಕ್ಕೇನ್ರಿ, ಮನಿಯಾಗೇ ಡಾಕ್ಟ್ರು ಅದಾರಲ್ಲ. ಏ, ಅಜ್ಜಾರದ್ದೊಂದು ನೋಡು.”

ವಾಣಿಶ್ರೀ ಬಂದಳು. ಕುಂಕುಮದ ಭರಣಿ ಇರುವ ಗೂಡಿನಿಂದ ನಬೀ ಸಾಬರು ಕೊಟ್ಟಿದ್ದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಸ್ಕ್ರೂ ಬಿಗಿದಳು. ಕಡ್ಡಿಯನ್ನು ಬೆರಳಿನಿಂದ ಸವರಿ ಒಂದಿಷ್ಟು ಬಗ್ಗಿಸಿದಳು. ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಖದ ಹತ್ತಿರ ತಂದಳು. ಒಂದು ಗೇಣು ದೂರದಲ್ಲಿ ಕೈ ನಿಂತಿತು. ಹಿಂದಕ್ಕೆ ಹೋಗಿ ಅದನ್ನು ಸ್ಟೂಲಿನ ಮೇಲೆ ಇಟ್ಟಳು.

“ಹಾಕ್ಕೊಂಡು ನೋಡ್ರಿ.”

ಹಾಕಿಕೊಂಡೆ. ಎದುರಿನ ಗೋಡೆಯ ಮೇಲೆ ನನ್ನ ಸನ್ಮಾನ ಪತ್ರ ಮತ್ತೆ ಅದೇ ಮೊಳೆಗೆ ತೂಗುತ್ತಿತ್ತು. ಗಾಜಿನ ಮೇಲೆ ಒಂದು ಕಣ ಧೂಳಿಲ್ಲ. ನಾನು ಅದನ್ನು ನೋಡುತ್ತಿರುವುದು ಆಕೆಗೆ ಕಂಡಿತು.

“ದಿನಾ ಒರೆಸ್ತೀನ್ರಿ” ಎಂದಳು. “ಒಂದಿನ ಬಿಟ್ರೆ ಅವರಿಗೆ ಗೊತ್ತಾಗತೈತೆ.”

ಕೊಟ್ಟೂರೇಶ್ ಮುಗುಳ್ನಕ್ಕ. “ಹೆಂಗೈತ್ರಿ ಅಜ್ಜಾರೆ, ಕನ್ನಡಕ ಸರಿ ಕುಂತೈತೇನ್ರಿ?”

ಕುಂತಿರಲಿಲ್ಲ. ಎಡಗಡೆ ಇಳಿದು ಮೂಗಿನ ಮೇಲೆ ಓರೆಯಾಗಿ ನಿಂತಿತ್ತು. ಕಿವಿಯ ಹಿಂದೆ ಒಂದು ಬೆರಳು ಆಡಿಸಿದ್ದರೆ ಒಂದು ನಿಮಿಷದ ಕೆಲಸ. ಸರಿಯಿಲ್ಲ ಎಂದರೆ ಆಕೆ ಮತ್ತೆ ನನ್ನ ಮುಖದ ಹತ್ತಿರ ಬರಬೇಕು, ಅವನು ನೋಡುತ್ತ ಕೂತಿರಬೇಕು, ನಾನು ಹೋದ ಮೇಲೆ ಗಡಿಯಾರಕ್ಕೆ ಮಾತು ಮತ್ತೆ ಶುರುವಾಗಬೇಕು.

“ಸರಿಯಾಗೈತಪ್ಪ” ಎಂದೆ.

ವಾಣಿಶ್ರೀ ನನ್ನ ಮುಖವನ್ನು ನೋಡಿದಳು. ಎಷ್ಟು ಓರೆ, ಎಲ್ಲಿ ಓರೆ ಎಂದು ಆಕೆಗೆ ಅಳತೆ ಸಮೇತ ಗೊತ್ತಿತ್ತು. ಸ್ಕ್ರೂಡ್ರೈವರನ್ನು ತಿರುಗಿ ಗೂಡಿನಲ್ಲಿ ಇಟ್ಟು ಒಳಗೆ ಹೋದಳು.